ಘಟ್ಟದ್ದೇನೂ ತಪ್ಪಿರಲಿಲ್ಲ: ಬಯಲುಸೀಮೆಯವರಿಗೆ 200 ಕಿ.ಮೀ. ಸೈಕಲ್ ಪಾಠ

ನಮ್ಮ ಕುಂದಗೋಳದಲ್ಲಿ ಏರು ಅಂದ್ರೆ ಹೊಲದ ಬದು, ಅಷ್ಟೇ. ಕಣ್ಣು ಹಾಯುವಷ್ಟು ದೂರ ಎರೆ ನೆಲ, ಹತ್ತಿ, ಕಡಲೆ, ಮೆಣಸಿನಕಾಯಿ. ಅಂಥಲ್ಲಿ ಸೈಕಲ್ ಕಲಿತವನು ನಾನು. ಹೋದ ಚಳಿಗಾಲದಲ್ಲಿ 200 ಕಿ.ಮೀ. ಸೈಕಲ್ ಸವಾರಿಯೊಂದಕ್ಕೆ ಹೆಸರು ಕೊಟ್ಟೆ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅದೇ ದಾರಿಯಲ್ಲಿ ವಾಪಸ್. ಮಿತಿ 13 ತಾಸು 30 ನಿಮಿಷ. ನಾನು ಮುಟ್ಟಿದ್ದು 13 ತಾಸು 52 ನಿಮಿಷಕ್ಕೆ. ಇಪ್ಪತ್ತೆರಡು ನಿಮಿಷ ತಡ. ಕಾರ್ಡಿನಲ್ಲಿ ಅದಕ್ಕೆ ಒಂದೇ ಅರ್ಥ: ಆಗಲಿಲ್ಲ.

ಒಂದು ವರ್ಷ ಘಟ್ಟಕ್ಕೆ ಬೈದುಕೊಂಡು ಓಡಾಡಿದೆ. "ನಾವು ಬಯಲಿನ ಮಂದಿ, ನಮಗೆಲ್ಲಿ ಏರು ಹತ್ತಲಿಕ್ಕೆ ಬರ್ತದ" ಅಂತ ಹಾಸ್ಟೆಲ್‌ನಲ್ಲಿ ಎಲ್ಲರ ಮುಂದೆ ಹೇಳಿದೆ. ಈ ವರ್ಷ ಮೂವರು ಜೂನಿಯರ್‌ಗಳು ನನ್ನ ಜೊತೆ ಬರ್ತೀವಿ ಅಂದರು. ಅದರಲ್ಲೊಬ್ಬನ ಹತ್ತಿರ ಇರೋದು ಗೇರಿಲ್ಲದ ಸೈಕಲ್. ಪಿಯುಸಿಗೆ ಹೋಗುವಾಗ ಅವರಪ್ಪ ಕೊಡಿಸಿದ್ದು. "ಅಣ್ಣಾ, ನನ್ನ ಸೈಕಲ್ ಮ್ಯಾಲೆ ಆಗ್ತದೇನು?" ಅಂತ ಕೇಳಿದ. ಹೂಂ ಅನ್ನಲಿಕ್ಕೂ ಧೈರ್ಯ ಬರಲಿಲ್ಲ, ಇಲ್ಲ ಅನ್ನಲಿಕ್ಕೂ ಬಾಯಿ ಬರಲಿಲ್ಲ. ಮೂರು ವರ್ಷ ಮೆಕ್ಯಾನಿಕ್ಸ್ ಓದಿ ಇಷ್ಟಕ್ಕೆ ಉತ್ತರ ಇಲ್ಲ ಅಂದ್ರೆ ಹೇಗೆ? ಹಾಳೆ ತಗೊಂಡು ಕೂತೆ. ಈ ಲೇಖನ ಆ ಹಾಳೆ.

ಇದೇನು ಸವಾರಿ?

ಇಂಥ ಸವಾರಿಗೆ ಬ್ರೆವೆ ಅಂತಾರೆ, ಪೂರ್ತಿ ಹೆಸರಿನಲ್ಲಿ ಬಿಆರ್‌ಎಂ. ಇದು ರೇಸ್ ಅಲ್ಲ. ಮೊದಲು ಬಂದವರಿಗೆ ಬಹುಮಾನ ಇಲ್ಲ, ಕೊನೆಗೆ ಬಂದವರಿಗೆ ಅವಮಾನ ಇಲ್ಲ. ಕೊಟ್ಟ ವೇಳೆಯೊಳಗೆ, ಯಾರ ವಾಹನದ ಸಹಾಯವೂ ಇಲ್ಲದೆ, ನಿಮ್ಮ ಕಾಲಿನ ಬಲದಿಂದ ಮುಗಿಸಬೇಕು. 200 ಕಿ.ಮೀ.ಗೆ 13 ತಾಸು 30 ನಿಮಿಷ, 300ಕ್ಕೆ 20 ತಾಸು, 400ಕ್ಕೆ 27, 600ಕ್ಕೆ 40. ದಾರಿಯಲ್ಲಿ ಕಂಟ್ರೋಲ್ ಅನ್ನುವ ತಪಾಸಣೆ ಜಾಗಗಳು ಇರುತ್ತವೆ. ಅವಕ್ಕೂ ಬಾಗಿಲು ಮುಚ್ಚುವ ವೇಳೆ ಇದೆ. 100ನೇ ಕಿ.ಮೀ.ನಲ್ಲಿ ಕಂಟ್ರೋಲ್ ಇದ್ದರೆ ಅದು 6 ತಾಸು 40 ನಿಮಿಷಕ್ಕೆ ಮುಚ್ಚುತ್ತದೆ, ಅಂದ್ರೆ ತಾಸಿಗೆ 15 ಕಿ.ಮೀ. ಲೆಕ್ಕ. ಹೆಲ್ಮೆಟ್ ಕಡ್ಡಾಯ. ರಾತ್ರಿ ಆದರೆ ಹಿಂದೆ ಮುಂದೆ ಲೈಟು ಮತ್ತು ಹೊಳೆಯುವ ಜಾಕೆಟ್ ಬೇಕೇ ಬೇಕು.

ಪದ್ಧತಿ ಫ್ರಾನ್ಸಿನದು. ಪ್ಯಾರಿಸ್‌ನಿಂದ ಬ್ರೆಸ್ಟ್ ಊರಿಗೆ ಹೋಗಿ ಮತ್ತೆ ಪ್ಯಾರಿಸ್‌ಗೆ ಬರುವ ಸವಾರಿ 1891ರಲ್ಲಿ ರೇಸ್ ಆಗಿ ಶುರುವಾಯಿತು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ಸಾಮಾನ್ಯ ಸವಾರರ ಜಾತ್ರೆ: ಸುಮಾರು 1200 ಕಿ.ಮೀ., 90 ತಾಸು. 2023ರಲ್ಲಿ ಆರು ಸಾವಿರಕ್ಕಿಂತ ಹೆಚ್ಚು ಮಂದಿ ಹೊರಟಿದ್ದರು. ಅಲ್ಲಿಗೆ ಹೋಗಬೇಕಾದ್ರೆ ಅದೇ ವರ್ಷ 200, 300, 400, 600 ನಾಲ್ಕನ್ನೂ ಮುಗಿಸಿರಬೇಕು. ನಮ್ಮ ಕಡೆ ಹುಬ್ಬಳ್ಳಿ ಬೈಸಿಕಲ್ ಕ್ಲಬ್, ಬೆಂಗಳೂರಿನ ಸಂಘಗಳು ಬ್ರೆವೆ ನಡೆಸುತ್ತವೆ. ಇನ್ನೂ ದೊಡ್ಡ ಏರು ಬೇಕು ಅನ್ನುವವರಿಗೆ 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಇದೆ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟ್‌ನ 36 ತಿರುವುಗಳ ಹೆಸರು ಕೇಳಿದ್ರೇ ಸೈಕಲ್‌ನವರ ಮುಖ ಬದಲಾಗುತ್ತದೆ. ಎಲ್ಲಕ್ಕೂ ಲೆಕ್ಕ ಮಾತ್ರ ಒಂದೇ.

ಏರು ಎಷ್ಟು ಕೇಳುತ್ತದೆ?

ಸವಾರ 65 ಕೆ.ಜಿ., ಸೈಕಲ್ 13, ನೀರು ಬುತ್ತಿ ಸೇರಿ 4. ಒಟ್ಟು 82 ಕೆ.ಜಿ. ಇದರ ತೂಕ ಸುಮಾರು 804 ನ್ಯೂಟನ್. ಸೈಕಲ್ಲನ್ನು ತಡೆಯುವುದು ಮೂರು: ರಸ್ತೆಯ ಉರುಳು ಘರ್ಷಣೆ, ಗಾಳಿ, ಗುರುತ್ವ. ಸಾಧಾರಣ ಟೈರಿಗೆ ಘರ್ಷಣೆ ಗುಣಾಂಕ 0.008 ಅಂತ ಹಿಡಿದರೆ 6.4 ನ್ಯೂಟನ್. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ನೆಟ್ಟಗೆ ಕೂತ ಸವಾರನಿಗೆ, ವೇಗ ಸೆಕೆಂಡಿಗೆ ಮೀಟರ್‌ನಲ್ಲಿದ್ದರೆ, ಅದು ಸುಮಾರು 0.29 ಗುಣಿಸು ವೇಗದ ವರ್ಗ. ಗುರುತ್ವದ ಪಾಲು ತೂಕ ಗುಣಿಸು ಏರಿನ ಪ್ರಮಾಣ. 5 ಶೇಕಡಾ ಏರು ಅಂದ್ರೆ 100 ಮೀಟರ್ ಹೋದರೆ 5 ಮೀಟರ್ ಎತ್ತರ. ಅದಕ್ಕೆ 40 ನ್ಯೂಟನ್. ಮೂರನ್ನೂ ಕೂಡಿಸಿ ವೇಗದಿಂದ ಗುಣಿಸಿದರೆ ಬೇಕಾದ ಶಕ್ತಿ ವ್ಯಾಟ್‌ನಲ್ಲಿ ಸಿಗುತ್ತದೆ.

ಸಪಾಟು ರಸ್ತೆ, 20 ಕಿ.ಮೀ. ವೇಗ: 85 ವ್ಯಾಟ್
5 ಶೇಕಡಾ ಏರು, 20 ಕಿ.ಮೀ. ವೇಗ: 310 ವ್ಯಾಟ್
5 ಶೇಕಡಾ ಏರು, 15 ಕಿ.ಮೀ. ವೇಗ: 215 ವ್ಯಾಟ್
5 ಶೇಕಡಾ ಏರು, 10 ಕಿ.ಮೀ. ವೇಗ: 135 ವ್ಯಾಟ್

ಎರಡನೇ ಸಾಲು ನೋಡ್ರಿ. ಏರು ಬಂದ್ರೂ ವೇಗ ಬಿಡಂಗಿಲ್ಲ ಅಂತ ಹಟ ಹಿಡಿದ್ರೆ ಮೂರೂವರೆ ಪಟ್ಟು ಹೆಚ್ಚು ಶಕ್ತಿ ಬೇಕು. ನಮ್ಮಂಥವರು ಅದನ್ನು ಕೆಲವೇ ನಿಮಿಷ ಕೊಡಬಹುದು. ಸಪಾಟಿನ 85 ವ್ಯಾಟ್ ಅಷ್ಟನ್ನೇ ಏರಿನಲ್ಲೂ ಕೊಟ್ಟರೆ ವೇಗ 6.5 ಕಿ.ಮೀ.ಗೆ ಇಳಿಯುತ್ತದೆ. ಇಳಿಯಲಿ. ಏರಿನಲ್ಲಿ ಮೀಟರ್ ನೋಡಬಾರದು, ಉಸಿರು ನೋಡಬೇಕು. ಪಕ್ಕದವನ ಜೊತೆ ಒಂದು ಪೂರ್ತಿ ವಾಕ್ಯ ಆಡಲಿಕ್ಕೆ ಆಗ್ತಿದ್ರೆ ಸರಿ ಇದ್ದೀರಿ. ಒಂದೊಂದೇ ಶಬ್ದ ಹೊರಡ್ತಿದ್ರೆ ಜೋರಾಯಿತು.

ಗೇರು ಅಂದ್ರೆ ಮೊಣಕಾಲಿನ ವಿಮೆ

135 ವ್ಯಾಟ್ ಅನ್ನೋದು ಮೊತ್ತ. ಅದನ್ನು ಕಾಲು ಹೇಗೆ ಕಟ್ಟುತ್ತದೆ ಅನ್ನೋದನ್ನು ಗೇರು ತೀರ್ಮಾನಿಸುತ್ತದೆ. ಚಕ್ರದ ಸುತ್ತಳತೆ 2.1 ಮೀಟರ್ ಇದ್ದರೆ, ತಾಸಿಗೆ 10 ಕಿ.ಮೀ. ಅಂದ್ರೆ ನಿಮಿಷಕ್ಕೆ 167 ಮೀಟರ್.

ಮುಂದೆ 28, ಹಿಂದೆ 28 ಹಲ್ಲು: ನಿಮಿಷಕ್ಕೆ 79 ತುಳಿತ, ಟಾರ್ಕ್ 16 ನ್ಯೂಟನ್ ಮೀಟರ್
ಮುಂದೆ 42, ಹಿಂದೆ 28: 53 ತುಳಿತ, 24 ನ್ಯೂಟನ್ ಮೀಟರ್
ಗೇರಿಲ್ಲದ ಸೈಕಲ್, 44ಕ್ಕೆ 18: 32 ತುಳಿತ, 40 ನ್ಯೂಟನ್ ಮೀಟರ್

ಕೆಲಸ ಮೂರರಲ್ಲೂ ಒಂದೇ. ಆದರೆ ಮೊದಲನೆಯದಕ್ಕಿಂತ ಕೊನೆಯದರಲ್ಲಿ ಪ್ರತಿ ತುಳಿತಕ್ಕೂ ಎರಡೂವರೆ ಪಟ್ಟು ಜೋರು ಒತ್ತಬೇಕು. ಅದು ಬೀಳುವುದು ಮೊಣಕಾಲಿನ ಮೇಲೆ. ನನ್ನ ಸೈಕಲ್‌ನಲ್ಲಿ ಸಣ್ಣ ಗೇರು ಇತ್ತು. ಮುಂದಿನ ಗೇರ್ ಸರಿಯಾಗಿ ಬೀಳುತ್ತಿರಲಿಲ್ಲ, "ಆಮೇಲೆ ನೋಡೋಣ" ಅಂತ ಬಿಟ್ಟಿದ್ದೆ. ಘಟ್ಟವನ್ನು 42ರಲ್ಲೇ ತುಳಿದೆ. ಎರಡು ರೂಪಾಯಿ ಎಣ್ಣೆ, ಹತ್ತು ನಿಮಿಷದ ಕೆಲಸ. ಅದನ್ನು ಮಾಡದೆ ಮೂರು ವಾರ ಹಾಸ್ಟೆಲ್ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದೆ.

ಇನ್ನೊಂದು ಮಾತು. ಏರು ಶುರುವಾಗುವ ಮೊದಲೇ ಗೇರು ಇಳಿಸಿರಿ. ಭಾರ ಬಿದ್ದ ಮೇಲೆ ಬದಲಿಸಿದ್ರೆ ಚೈನ್ ಕಳಚುತ್ತದೆ. ಸೀಟಿನ ಎತ್ತರವನ್ನೂ ನೋಡಿಕೊಳ್ಳಿ: ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಿದ್ದರೆ ಮೊಣಕಾಲಿನ ಮುಂಭಾಗ ನೋಯುತ್ತದೆ.

ಬೆಟ್ಟ ಇಲ್ಲದ ಊರಿನಲ್ಲಿ ಬೆಟ್ಟ

"ಅಭ್ಯಾಸಕ್ಕೆ ಗುಡ್ಡ ಎಲ್ಲಿಂದ ತರೋದು?" ಅಂತ ನಾನೂ ಕೇಳುತ್ತಿದ್ದೆ. ಉತ್ತರ ಲೆಕ್ಕದಲ್ಲೇ ಇದೆ. ಎದುರಿನಿಂದ 20 ಕಿ.ಮೀ. ವೇಗದ ಗಾಳಿ, ನೀವು 15ರಲ್ಲಿ ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. ಮೈಗೆ ತಾಗುವ ಗಾಳಿ 35 ಕಿ.ಮೀ. ವೇಗದ್ದು. ಅದಕ್ಕೆ ಬೇಕಾಗುವುದು ಸುಮಾರು 140 ವ್ಯಾಟ್. 5 ಶೇಕಡಾ ಏರನ್ನು 10 ಕಿ.ಮೀ. ವೇಗದಲ್ಲಿ ಹತ್ತಿದ ಹಾಗೇ ಆಯಿತು! ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ನಮ್ಮ ಬಯಲಿಗೆ ಗಾಳಿಯೇ ಘಟ್ಟ. ಸಂಶಿ, ಗುಡಗೇರಿ ಕಡೆ ಹೊಲದ ನಡುವಿನ ರಸ್ತೆಗಳಲ್ಲಿ ಗಾಳಿಗೆ ಎದುರಾಗಿ ಅರ್ಧ ತಾಸು ತುಳಿದು ನೋಡ್ರಿ, ತೊಡೆ ಹೇಳ್ತದ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಏರಿನಲ್ಲಿ ವೇಗ ಕಡಿಮೆ, ಚಲನಶಕ್ತಿಯೂ ಕಡಿಮೆ. ತುಳಿಯೋದು ನಿಲ್ಲಿಸಿದ ಕೂಡಲೇ ಸೈಕಲ್ ನಿಲ್ಲುತ್ತದೆ. ಅದಕ್ಕೆ ತಿಂಗಳಿಗೆ ಎರಡು ಸಲವಾದರೂ ನಿಜವಾದ ಏರು ಬೇಕು. ಹುಬ್ಬಳ್ಳಿಯಲ್ಲಿ ನೃಪತುಂಗ ಬೆಟ್ಟ ಇದೆ, ಧಾರವಾಡದ ರಸ್ತೆಗಳಂತೂ ಎಲ್ಲಾ ಏರು ಇಳುವೇ. ಒಂದೇ ಏರನ್ನು ಆರು ಸಲ ಹತ್ತಿ ಇಳಿದ್ರೆ ಅದೇ ಘಟ್ಟ.

ಬೇಸರ ಆಗೋದಿಲ್ವಾ ಅಂದ್ರೆ, ಆಗುತ್ತದೆ. ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಹತ್ತಿರ ಪಾಠಕ್ಕಂತ ಹುಬ್ಬಳ್ಳಿಯಿಂದ ರೈಲು ಹತ್ತಿ ನಮ್ಮೂರಿಗೆ ಬರುತ್ತಿದ್ದರು. ಅದೇ ದಾರಿಯನ್ನು ನಾನು ಸೈಕಲ್ ಮೇಲೆ ಹೋಗಿ ಬರ್ತೀನಿ, ಎರಡೂ ಕಡೆ ಸೇರಿ ಹತ್ತಿರ ಹತ್ತಿರ 40 ಕಿ.ಮೀ. ಒಂದೇ ಸ್ವರವನ್ನು ದಿನಗಟ್ಟಲೆ ತಿಕ್ಕಿದವರ ಊರಿನವನು ಒಂದೇ ಏರನ್ನು ಆರು ಸಲ ಹತ್ತಲಿಕ್ಕೆ ಬೇಸರ ಅಂದ್ರೆ ನಾಚಿಕೆ ಆಗ್ತದೆ.

ಹನ್ನೆರಡು ವಾರ

ಇಂಟರ್ನಲ್ಸ್, ಲ್ಯಾಬ್, ಸಬ್‌ಮಿಷನ್ ಎಲ್ಲಾ ಇಟ್ಟುಕೊಂಡೇ ಮಾಡಿದ ಲೆಕ್ಕ ಇದು. ವಾರಕ್ಕೆ ಮೂರು ದಿನ ಸಾಕು.

1ರಿಂದ 4ನೇ ವಾರ: ವಾರದ ನಡುವೆ ಎರಡು ದಿನ ತಾಸು ತಾಸು, ಆರಾಮಾಗಿ. ರವಿವಾರ 40 ಕಿ.ಮೀ.ಯಿಂದ ಶುರು ಮಾಡಿ 55ರ ತನಕ. ನಾಲ್ಕನೇ ವಾರ ಕಡಿಮೆ ಮಾಡಿ.

5ರಿಂದ 8ನೇ ವಾರ: ಒಂದು ದಿನ ಏರು ಅಥವಾ ಎದುರುಗಾಳಿ. ಐದು ನಿಮಿಷ ಜೋರು, ಐದು ನಿಮಿಷ ಹಗುರ, ಹೀಗೆ ನಾಲ್ಕು ಸಲ. ರವಿವಾರ 65ರಿಂದ 90 ಕಿ.ಮೀ. ಎಂಟನೇ ವಾರ ಮತ್ತೆ ಕಡಿಮೆ.

9ರಿಂದ 11ನೇ ವಾರ: ಜೋರಿನ ಅವಧಿ ಹತ್ತು ನಿಮಿಷಕ್ಕೆ ಏರಿಸಿ, ಮೂರು ಸಲ. ರವಿವಾರ 100, 120, 140 ಕಿ.ಮೀ. ಒಂದು ಸಲವಾದರೂ ಸವಾರಿಯ ದಿನದ ಬಟ್ಟೆ, ಬುತ್ತಿ, ಲೈಟು ಸಮೇತ ಹೋಗಿ.

12ನೇ ವಾರ: ಅರ್ಧ ತಾಸಿನ ಎರಡು ಸಣ್ಣ ಸವಾರಿ. ನಿದ್ದೆ. ಹೊಸ ಟೈರು, ಹೊಸ ಸೀಟು, ಹೊಸ ಶೂ ಯಾವುದೂ ಬೇಡ.

ವಾರದಿಂದ ವಾರಕ್ಕೆ ದೂರವನ್ನು ಒಮ್ಮೆಲೇ ಏರಿಸಬೇಡಿ. ಗಟ್ಟಿಯಾಗೋದು ತುಳಿಯುವಾಗಲ್ಲ, ಮಲಗಿದಾಗ. ರಾತ್ರಿ ಎರಡರ ತನಕ ರೀಲ್ಸ್ ನೋಡಿ ಐದಕ್ಕೆ ಎದ್ದು ಹೋಗೋದು ಅಭ್ಯಾಸ ಅಲ್ಲ, ಹರಕೆ.

ಬುತ್ತಿ

ಹತ್ತು ತಾಸು ಸರಾಸರಿ 100 ವ್ಯಾಟ್ ಅಂದ್ರೆ 3600 ಕಿಲೋಜೌಲ್ ಕೆಲಸ. ದೇಹದ ದಕ್ಷತೆ ಕಾಲು ಭಾಗದ ಆಸುಪಾಸು. ಹಾಗಾಗಿ ತಿಂದು ತುಂಬಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ ಅಂಕಿಯ ಕಿಲೋಕ್ಯಾಲೊರಿ, 3600. ಸ್ನಾಯು ಮತ್ತು ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಸುಮಾರು 2000ದ ಒಳಗೆ. ಕೊಬ್ಬು ಬೇಕಾದಷ್ಟಿದೆ, ಆದ್ರೆ ಅದು ನಿಧಾನ ಉರಿಯುತ್ತದೆ. ಜೋರು ತುಳಿದಷ್ಟೂ ಗ್ಲೈಕೋಜನ್ ಬೇಗ ಖಾಲಿ. ಖಾಲಿಯಾದಾಗ ಏನಾಗ್ತದೆ ಅಂತ ನನಗೆ ಗೊತ್ತು. ಘಟ್ಟದ ನಡುವೆ ಕಣ್ಣಿಗೆ ಕತ್ತಲೆ ಬಂತು, ಕೈ ನಡುಗಿತು, ಲಾರಿಗಳು ಹೋಗುವ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟೆ. ಹೊಟ್ಟೆಯಲ್ಲಿ ಮಿರ್ಚಿ ಭಜಿ ಮಾತ್ರ ಇತ್ತು. ಒಬ್ಬ ಲಾರಿ ಡ್ರೈವರ್ ಕಾಕಾ ಗಾಡಿ ನಿಲ್ಲಿಸಿ ಬೆಲ್ಲದ ಹೆಂಟೆ ಕೊಟ್ಟು, "ಮೊದಲ ತಿನ್ನು ತಮ್ಮಾ, ಆಮ್ಯಾಲೆ ಮಾತಾಡು" ಅಂದರು. ಹದಿನೈದು ನಿಮಿಷದಲ್ಲಿ ಲೋಕ ಮತ್ತೆ ಬೆಳಗಾಯಿತು.

ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಹಸಿವಾದಾಗ ಅಲ್ಲ, ಮೊದಲ ತಾಸಿನಿಂದಲೇ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಹತ್ತು ಗ್ರಾಂ ಬೆಲ್ಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಹತ್ತು. ದುಬಾರಿ ಜೆಲ್ ಬೇಕಿಲ್ಲ. ಬಾಳೆಹಣ್ಣು, ಬೆಲ್ಲ, ಶೇಂಗಾ ಉಂಡಿ, ಅವಲಕ್ಕಿ ಸಾಕು. ಕರಿದದ್ದು ಹೊಟ್ಟೆಯಲ್ಲೇ ಕೂರುತ್ತದೆ, ಅದನ್ನು ಮುಗಿಸಿದ ಮೇಲೆ ತಿನ್ನೋಣ.

ಬರೀ ನೀರು ಕುಡಿದು ಉಪ್ಪು ಮರೆಯಬಾರದು. ಬೆವರಿನಲ್ಲಿ ಸೋಡಿಯಂ ಹೋಗಿ, ಮೇಲಿಂದ ಬರೀ ನೀರೇ ಸುರಿದರೆ ರಕ್ತ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಶುರುವಾಗಬಹುದು. ಅದು ಅಪಾಯ. ಒಂದು ಬಾಟಲಿ ಸಾದಾ ನೀರು, ಒಂದು ಬಾಟಲಿ ಓಆರ್‌ಎಸ್. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಇಳಿಯೋದು ಪುಕ್ಕಟೆ ಅಲ್ಲ

400 ಮೀಟರ್ ಎತ್ತರದಿಂದ 82 ಕೆ.ಜಿ. ಇಳಿದರೆ ಬಿಡುಗಡೆ ಆಗುವ ಶಕ್ತಿ ಸುಮಾರು 320 ಕಿಲೋಜೌಲ್. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಯಿಸುವಷ್ಟು. ಅದರಲ್ಲಿ ಗಾಳಿ ಒಂದಿಷ್ಟು ತಿನ್ನುತ್ತದೆ, ಉಳಿದದ್ದು ನಿಮ್ಮ ಬ್ರೇಕ್ ಮತ್ತು ರಿಮ್‌ನಲ್ಲಿ ಬಿಸಿಯಾಗುತ್ತದೆ. ಬ್ರೇಕನ್ನು ಎಳೆದು ಹಿಡಿದೇ ಇಳಿಯಬೇಡಿ. ಹಿಡಿದು ಬಿಟ್ಟು, ಹಿಂದೆ ಮುಂದೆ ಎರಡನ್ನೂ ಸೇರಿಸಿ. ತಿರುವಿನ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಅಲ್ಲ.

ಒಣ ರಸ್ತೆಯಲ್ಲಿ ಸಾಧಾರಣ ಬ್ರೇಕ್ ಹಿಡಿದರೆ, ಯೋಚಿಸಲು ಒಂದು ಸೆಕೆಂಡ್ ಸೇರಿಸಿ, 30 ಕಿ.ಮೀ. ವೇಗದಲ್ಲಿ ನಿಲ್ಲಲು ಸುಮಾರು 17 ಮೀಟರ್ ಬೇಕು. 50ರಲ್ಲಿ 38 ಮೀಟರ್. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ತಿರುವಿನಾಚೆ 38 ಮೀಟರ್ ಕಾಣುತ್ತದೆಯೇ? ಕಾಣದಿದ್ದರೆ 50 ನಿಮ್ಮ ವೇಗ ಅಲ್ಲ. ಆ ದಾರಿಯಲ್ಲಿ ಎದುರಿಗೆ ಬರುವುದು ಕಾರವಾರ, ಅಂಕೋಲಾ ಕಡೆಯ ಲಾರಿಗಳು.

ತಾಸಿನ ಲೆಕ್ಕ

ಈಗ ನನ್ನ 13 ತಾಸು 52 ನಿಮಿಷ. ಒಟ್ಟು 832 ನಿಮಿಷ. ಅದನ್ನು ಬಿಡಿಸಿ ಬರೆದೆ.

ಹೋಗುವ 100 ಕಿ.ಮೀ., ಗುಂಪಿನ ಜೊತೆ 23ರ ವೇಗ: 260 ನಿಮಿಷ
ಏರಿನ ಭಾಗ ಅಂತ ನಾನು ಹಿಡಿದ 8 ಕಿ.ಮೀ.: 105 ನಿಮಿಷ
ಉಳಿದ 92 ಕಿ.ಮೀ., 15ರ ವೇಗ: 368 ನಿಮಿಷ
ನಿಂತದ್ದು: 99 ನಿಮಿಷ

ಹೋಗುವಾಗ 20ರ ಬದಲು 23ರಲ್ಲಿ ಹೋದೆ. ವೇಗ 15 ಶೇಕಡಾ ಹೆಚ್ಚು. ಶಕ್ತಿ 85 ವ್ಯಾಟ್‌ನಿಂದ 116ಕ್ಕೆ, ಅಂದ್ರೆ 36 ಶೇಕಡಾ ಹೆಚ್ಚು. ಉಳಿಸಿದ್ದು 40 ನಿಮಿಷ. ಅದರ ಬಡ್ಡಿ ಕಟ್ಟಿದ್ದು ವಾಪಸ್ ಬರುವಾಗ. ಈಗ ಬೇರೆ ಲೆಕ್ಕ ನೋಡ್ರಿ. ಹೋಗೋದು 20ರಲ್ಲಿ, 300 ನಿಮಿಷ. ಏರು 8ರ ವೇಗದಲ್ಲಿ, 60 ನಿಮಿಷ. ವಾಪಸ್ 18ರಲ್ಲಿ, 307 ನಿಮಿಷ. ನಿಲ್ಲೋದು ಒಂದು ತಾಸು. ಒಟ್ಟು 727 ನಿಮಿಷ, 12 ತಾಸು 7 ನಿಮಿಷ. ನಿಧಾನ ಹೋದವನು ಒಂದೂಮುಕ್ಕಾಲು ತಾಸು ಮೊದಲೇ ಮನೆ ಮುಟ್ಟುತ್ತಾನೆ.

ಏರಿನಲ್ಲಿ ನಾನು ಕಳೆದುಕೊಂಡದ್ದು 45 ನಿಮಿಷ. ಏರು ಮುಗಿದ ಮೇಲಿನ ರಸ್ತೆಯಲ್ಲಿ 61, ಹೋಟೆಲ್ ಬೆಂಚಿನ ಮೇಲೆ 39. ವರ್ಷವಿಡೀ ಬೈಸಿಕೊಂಡ ಘಟ್ಟದ್ದು ಅದರಲ್ಲಿ ಸಣ್ಣ ಪಾಲು. ಆ 45 ನಿಮಿಷವೂ ನಾನು ಕೆಡಿಸಿಕೊಂಡ ಗೇರಿನದು, ತಿನ್ನದ ಬೆಲ್ಲದ್ದು.

ಮತ್ತೆ ಆ ಸೈಕಲ್

ಕೊನೆಗೆ ಜೂನಿಯರ್‌ನ ಸೈಕಲ್‌ಗೆ ಬಂದೆ. ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆದು 22ರದು ಹಾಕಿಸಿದರೆ, ಸಪಾಟಿನಲ್ಲಿ 20 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 79 ತುಳಿತ; ಒಳ್ಳೆಯ ಲಯ. ಏರಿನಲ್ಲಿ ಟಾರ್ಕ್ 40ರಿಂದ 32ಕ್ಕೆ ಇಳಿಯುತ್ತದೆ, ಇನ್ನೂ ಭಾರವೇ. ಚೈನಿಗೆ ಕೊಂಡಿ ಸೇರಿಸಬೇಕಾಗಬಹುದು, ಸೈಕಲ್ ಶಾಪ್‌ನವರು ನೋಡಿ ಹೇಳ್ತಾರೆ. ಬ್ರೇಕ್ ಗುಟ್ಟೆ ಎರಡೂ ಕಡೆ ಹೊಸದು ಬೇಕು, ಇದರಲ್ಲಿ ಚೌಕಾಶಿ ಇಲ್ಲ.

ಏರನ್ನು ಅವನು ಪೂರ್ತಿ ನಡೆದೇ ಹತ್ತಿದ ಅಂತ ಹಿಡಿದೆ. ತಾಸಿಗೆ ನಾಲ್ಕೂವರೆ ಕಿ.ಮೀ. ಅಂದ್ರೆ 8 ಕಿ.ಮೀ.ಗೆ 107 ನಿಮಿಷ. ಹೋಗೋದು 300, ವಾಪಸ್ 307, ನಿಲ್ಲೋದು 60. ಒಟ್ಟು 774 ನಿಮಿಷ. 12 ತಾಸು 54 ನಿಮಿಷ. ಮಿತಿಗೆ ಇನ್ನೂ 36 ನಿಮಿಷ ಉಳೀತದೆ. ಪಂಕ್ಚರ್ ಒಂದಾದರೆ ತಡೆದುಕೊಳ್ಳಬಹುದು, ಎರಡಾದರೆ ಕಷ್ಟ.

ಹಾಳೆ ತೋರಿಸಿದೆ. ಎರಡು ಸಲ ಓದಿದ. "ಆಗ್ತದ ಅಂದಂಗಾತು" ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಅಣ್ಣಾ, ಎಲ್ಲಾರ ಮುಂದ ಸೈಕಲ್ ತಳ್ಕೊಂಡು ನಡೆದ್ರ ಮಂದಿ ನಗಂಗಿಲ್ಲೇನು?"

"ನಾನೂ ನಿನ್ನ ಜೋಡಿ ನಡೀತೀನಿ. ಕಾರ್ಡಿನ ಮ್ಯಾಲೆ ವೇಳೆ ಅಷ್ಟ ಬರೀತಾರ, ನಡೆದು ಬಂದಿ ಅಂತ ಬರಿಯಂಗಿಲ್ಲ."

ಮರುದಿನ ಸಂಜೆ ಇಬ್ಬರೂ ಫ್ರೀವೀಲ್ ಹುಡುಕಿಕೊಂಡು ಸೈಕಲ್ ಶಾಪ್‌ಗೆ ಹೋದೆವು. ಬರೋ ರವಿವಾರ ಬೆಳಿಗ್ಗೆ ಐದೂವರೆಗೆ ಹಾಸ್ಟೆಲ್ ಗೇಟಿನ ಹತ್ತಿರ ಇರ್ತೀವಿ. ಬರೋರು ಬರ್ರಿ. ಹೆಲ್ಮೆಟ್ ಮತ್ತು ಎರಡು ಬಾಳೆಹಣ್ಣು ಮರೀಬ್ಯಾಡ್ರಿ.